ಗಡ್ಡೆಗೆ ಹೆಣ್ಣು ಕೊಡುವವರು

ಮೇ ೮, ೧೯೫೮, ಗುರುವಾರ

ದುಂಡಸಿಯವರೂ ಒಲ್ಲೆ ಎಂದು ಹೇಳಿ ಕಳಿಸಿದರು. ಹುಡುಗಿಯ ಜಾತಕ ಕೂಡಿ ಬರಲಿಲ್ಲವಂತೆ. ಆ ಮನೆಯಲ್ಲಿ ಅಜ್ಜನ ಕಾಲದಿಂದ ಯಾರೂ ಜಾತಕ ಬರೆಸಿದವರಿಲ್ಲ. ಹುಡುಗಿ ಯಾವ ವಾರ ಹುಟ್ಟಿದಳೆಂದು ಕೇಳಿದರೆ ಅವರವ್ವ ಮಾಳಿಗೆಯ ಜಂತಿ ನೋಡುತ್ತಾಳೆ. ನಿಜವಾದ ಕಾರಣ ಅವರಿಗೂ ಗೊತ್ತು, ನಮಗೂ ಗೊತ್ತು. ವರದಾ ಹೊಳೆಯ ನಡುವೆ ಇರುವ ಈ ಗಡ್ಡೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಮಳೆಗಾಲದಲ್ಲಿ ಎರಡೂ ಕಡೆ ಹೊಳೆ ತುಂಬಿತೆಂದರೆ ಇಲ್ಲಿಯ ಏಳು ಮನೆಯವರು ಇಲ್ಲೇ, ಆಚೆಯವರು ಆಚೆಯೇ. ಹರಿಗೋಲು ಹಾಕುವಷ್ಟು ನೀರು ಇಳಿಯುವ ತನಕ ಉಪ್ಪು ತೀರಿದರೂ ಅಷ್ಟೆ, ಜ್ವರ ಬಂದರೂ ಅಷ್ಟೆ.

ನನ್ನನ್ನು ಹೇಗೆ ಕೊಟ್ಟರು ಎಂದರೆ, ಎಂಟು ವರ್ಷದ ಹಿಂದೆ ಅಪ್ಪ ಮನೆ ನೋಡಲು ಬಂದದ್ದು ಬೇಸಿಗೆಯಲ್ಲಿ. ಧೋತರದ ಅಂಚು ಕೂಡ ತೊಯ್ಯಲಿಲ್ಲ, ನಡೆದುಕೊಂಡೇ ಬಂದ. ಎಲೆಬಳ್ಳಿಯ ತೋಟ ತಂಪಾಗಿದೆ, ಮನೆ ಗಟ್ಟಿಯಾಗಿದೆ, ಹುಡುಗ ಒಳ್ಳೆಯವ ಎಂದು ಸವಣೂರಿಗೆ ಹೋಗಿ ಹೇಳಿದ. ಮೂರೂ ಸುಳ್ಳಲ್ಲ. ಮಳೆಗಾಲದ ಮಾತನ್ನು ಅವನು ಕೇಳಲಿಲ್ಲ, ಈ ಮನೆಯವರು ಹೇಳಲಿಲ್ಲ.

ಈಗ ಪಾಳಿ ನನ್ನ ಮೈದುನ ಅಜ್ಜಪ್ಪನದು. ದುಡಿಮೆಗಾರ, ಕೆಟ್ಟ ಚಟವಿಲ್ಲ, ಮಾತು ಕಡಿಮೆ. ಅವನ ಒಂದೇ ದೋಷ ಅವನ ಮನೆ ನೀರಿನ ನಡುವೆ ಇರುವುದು. ಸುದ್ದಿ ಕೇಳಿ ತೋಟಕ್ಕೆ ಹೋದ. ಅತ್ತೆ ಇಡೀ ದಿನ ಬೆಕ್ಕನ್ನು ಬೈದರು.

ಅವನಿಗಿಂತ ನನಗೇ ಅವಸರ ಹೆಚ್ಚು. ಯಾರ ಮುಂದೆಯೂ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ತಮ್ಮನ ಮದುವೆಯಾಗಿ ಅವ್ವನ ಜೊತೆ ಇರಲು ಒಬ್ಬಳು ಬಂದಳೆಂದರೆ ನಾವು ಸವಣೂರಿಗೆ ಹೋಗಿ ಇರೋಣ ಎಂದು ಇವರು ನನಗೆ ಮಾತು ಕೊಟ್ಟಿದ್ದಾರೆ. ನಮ್ಮ ಎಲೆ ಕೊಳ್ಳುವ ನಿಯಾಜ ಸಾಹೇಬರ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಇದೆ. ಅಂಗಳದಲ್ಲೇ ಬಾವಿ, ನಾಲ್ಕು ಹೆಜ್ಜೆಗೆ ಪೇಟೆ. ಮಗಳು ಹಾಲವ್ವನಿಗೆ ಐದು ತುಂಬಿತು, ಅವಳ ಸಾಲೆಯ ಸಲುವಾಗಿ ಎಂದು ಹೇಳುವುದು. ಮಗಳ ಸಾಲೆ ನೆಪ ಎಂದು ಇವರಿಗೂ ಗೊತ್ತಿದೆ. ನನಗೆ ಈ ಗಡ್ಡೆ ಸಾಕಾಗಿದೆ.

ಮೇ ೧೩, ಮಂಗಳವಾರ

ಸವಣೂರಿನಲ್ಲಿ ಕಾಕನ ಮಗಳ ಮದುವೆ ಮುಗಿಸಿ ನಿನ್ನೆ ಬಂದೆ. ಹೊನ್ನಿ ಸಿಕ್ಕಿದ್ದಳು, ಸರೋಜಿ ಸಿಕ್ಕಿದ್ದಳು. ಮೂವರೂ ಒಂದೇ ಬೆಂಚಿನವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿದದ್ದೇ ಹೊನ್ನವ್ವನನ್ನು ಹಿರೇಬೆಂಡಿಗೇರಿಗೆ ಕೊಟ್ಟರು, ನನ್ನನ್ನು ಹೊಳೆಗೆ ಹಾಕಿದರು. ಸರೋಜವ್ವ ಮುಂದೆ ಓದಿ ಶಿಗ್ಗಾಂವಿಯಲ್ಲಿ ಮಾಸ್ತರ್ತಿಯಾಗಿದ್ದಾಳೆ. ಕೈಗೆ ಗಡಿಯಾರ ಕಟ್ಟುತ್ತಾಳೆ. ಹೊತ್ತು ಎಷ್ಟಾಯಿತು ಎಂದು ಯಾರೂ ಕೇಳದಿದ್ದರೂ ಹೇಳುತ್ತಾಳೆ.

ಹೊನ್ನಿಯ ನಾದಿನಿ ಶೇಖವ್ವನಿಗೆ ವರ ನೋಡುತ್ತಿದ್ದಾರಂತೆ. ನನ್ನ ತಲೆಯಲ್ಲಿ ಅಲ್ಲೇ ದೀಪ ಹತ್ತಿತು. ಮನೆ ನೋಡಲು ಬನ್ನಿ ಎಂದರೆ ಯಾರೂ ಬರುವುದಿಲ್ಲ. ಗಡ್ಡೆ ನೋಡಲು ಬನ್ನಿ ಎಂದರೆ ಗೆಳತಿಯರು ಬಂದೇ ಬರುತ್ತಾರೆ. ಎರಡು ದಿನ ಇದ್ದು, ಮನೆ ಮಂದಿಯನ್ನು ನೋಡಿ, ಮನಸ್ಸಿಗೆ ಬಂದರೆ ಹೊನ್ನಿ ತನ್ನ ಅತ್ತೆಗೆ ಹೇಳಲಿ. ಬಾರದಿದ್ದರೆ ಗೆಳತಿಯರು ಗಡ್ಡೆ ನೋಡಿ ಹೋದರು, ಅಷ್ಟೇ. ಯಾರಿಗೂ ಮುಖಭಂಗವಿಲ್ಲ. ಹೊನ್ನಿಗೆ ಇದನ್ನೆಲ್ಲ ಕಿವಿಯಲ್ಲಿ ಹೇಳಿದೆ, ಒಪ್ಪಿದಳು. ಸವಣೂರಿನ ಮನೆಯ ಮಾತನ್ನು ಮಾತ್ರ ಅವಳಿಗೂ ಹೇಳಲಿಲ್ಲ.

ಮಳೆಗಿಂತ ಮೊದಲೇ ಬರಬೇಕು ಎಂದು ಎರಡು ಸಲ ಒತ್ತಿ ಹೇಳಿದೆ.

ಮೇ ೧೪, ಬುಧವಾರ

ಗೆಳತಿಯರು ಬರುತ್ತಾರೆ ಎಂದು ಅತ್ತೆಗೆ ಹೇಳಿದೆ. ಅತ್ತೆ ಮುದಕವ್ವನವರ ಕಣ್ಣು ಸಣ್ಣದಾದರೂ ನೋಟ ದೊಡ್ಡದು. ಹೊನ್ನವ್ವನಿಗೆ ನಾದಿನಿ ಇದ್ದಾಳಲ್ಲವೇ ಎಂದು ಕೇಳಿದರು. ಇದ್ದಾಳೆ ಎಂದೆ. ಸಂಜೆಯೊಳಗೆ ಗೋಡೆ ಸಾರಿಸುವ ಮಣ್ಣು ಅಂಗಳಕ್ಕೆ ಬಂದು ಬಿತ್ತು.

ಮೇ ೨೧, ಬುಧವಾರ

ಈ ಮನೆಯಲ್ಲಿ ಹುಚ್ಚು ಹಿಡಿದಿದೆ. ಅತ್ತೆ ಉಳಿದ ಆರೂ ಮನೆಗೆ ಹೋಗಿ ಬಂದರು. ಗೆಳತಿಯರು ಬರುವ ಶನಿವಾರ ಬೆಳಿಗ್ಗೆ ಎಲ್ಲರ ಎತ್ತು ಎಮ್ಮೆ ನಮ್ಮ ಕೊಟ್ಟಿಗೆಗೆ ಬರುತ್ತವಂತೆ. ನಮ್ಮದು ಎರಡೆತ್ತು ಒಂದು ಎಮ್ಮೆಯ ಕೊಟ್ಟಿಗೆ. ಹೆಣ್ಣಿನ ಕಡೆಯವರು ಬಂದಾಗ ದನ ತಂದು ಕಟ್ಟುವುದು ನಾನು ಕೇಳದ್ದೇನಲ್ಲ. ಆದರೆ ಒಂದೆರಡು ತರುತ್ತಾರೆ, ಇಡೀ ಊರಿನದನ್ನಲ್ಲ.

ಬರುವವರು ಗೆಳತಿಯರು, ಹೆಣ್ಣಿನ ಕಡೆಯವರಲ್ಲ ಎಂದು ನಾನು ಹೇಳಿ ನೋಡಿದೆ. ಗಡ್ಡೆಯನ್ನು ಸುಮ್ಮನೆ ನೋಡಲು ಯಾರಾದರೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೇನು ಎಂದು ಅತ್ತೆ ನನ್ನನ್ನೇ ಕೇಳಿದರು. ಪಕ್ಕದ ಮನೆಯ ಹುಚ್ಚಪ್ಪ ಕಾಕಾ ಎರಡೆತ್ತಿನ ಜೊತೆ ಹಾಲು ಹಿಂಡುವ ಎಮ್ಮೆಯನ್ನೂ ಕೊಡುವುದಾಗಿ ಹೇಳಿದ್ದಾನೆ. ಅವನ ಮಗನಿಗೂ ಮುಂದಿನ ವರ್ಷ ಹೆಣ್ಣು ನೋಡಬೇಕು. ಈ ಮನೆಗೆ ಒಬ್ಬಳು ಬಂದಳೆಂದರೆ ಉಳಿದವರಿಗೂ ದಾರಿ ಆದೀತು ಎಂದು ಎಲ್ಲರ ಆಸೆ. ಅದನ್ನು ಕೇಳಿದ ಮೇಲೆ ನಾನು ಬೈಯಲಿಲ್ಲ.

ಮೇ ೨೨, ಗುರುವಾರ

ಪಡುವಣಕ್ಕೆ ಮೋಡ. ಗುಡುಗಿತು, ಬೀಳಲಿಲ್ಲ. ಜೀವ ಬಂತು.

ಮೇ ೨೪, ಶನಿವಾರ

ಬಂದರು. ಇಬ್ಬರಲ್ಲ, ಮೂವರು. ಚಕ್ಕಡಿಯಿಂದ ಮೊದಲು ಇಳಿದವರು ಹೊನ್ನಿಯ ಅತ್ತೆ ಕರೆವ್ವನವರು. ನಾನೂ ಗಡ್ಡೆ ನೋಡಿಲ್ಲ, ಬರುತ್ತೇನೆ ಎಂದು ಹೊರಟು ನಿಂತರಂತೆ. ಹೊನ್ನಿ ಅವರ ಬೆನ್ನ ಹಿಂದಿನಿಂದ ನನಗೆ ಕಣ್ಣಿನಲ್ಲೇ ಕೈ ಮುಗಿದಳು.

ಸರೋಜಿಗೆ ನಡುಗಡ್ಡೆ ನೋಡಿ ನಿರಾಸೆಯಾಯಿತು. ಹೊಳೆಯಲ್ಲಿ ಮೀನಖಂಡದ ತನಕವೂ ನೀರಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದವಳು, ಇದೆಂಥ ನಡುಗಡ್ಡೆ, ನಮ್ಮ ಸಾಲೆಯ ಹುಡುಗರಿಗೆ ಸುತ್ತಲೂ ನೀರು ಎಂದು ಕಲಿಸುತ್ತೇನೆ ಎಂದಳು. ಅತ್ತೆಗೆ ಈ ಮಾತು ಬಹಳ ಹಿಡಿಸಿತು. ವರ್ಷದುದ್ದಕ್ಕೂ ಹೀಗೇ ಎಂದು ಯಾರೂ ಕೇಳದೆ ಹೇಳಿಯೂ ಬಿಟ್ಟರು.

ಉಂಡು ಎದ್ದ ಮೇಲೆ ತೋರಿಸಲು ಕರೆದುಕೊಂಡು ಹೊರಟೆ. ತೋರಿಸುವುದಕ್ಕೆ ಏನಿದೆ ಎಂದು ಎಂಟು ವರ್ಷದಿಂದ ಹೇಳುತ್ತ ಬಂದವಳು ನಾನೇ. ಮೊದಲು ಎಲೆತೋಟ. ಚೊಗಚೆ ಗಿಡಗಳಿಗೆ ಬಳ್ಳಿ ಹಬ್ಬಿ ಒಳಗೆ ಮಧ್ಯಾಹ್ನವೂ ಬಿಸಿಲು ಬೀಳುವುದಿಲ್ಲ. ಅಜ್ಜಪ್ಪ ಏಣಿಯ ಮೇಲೆ ನಿಂತು ಎಲೆ ಕೊಯ್ಯುತ್ತಿದ್ದ. ಕರೆವ್ವನವರನ್ನು ಕಂಡು ಇಳಿಯಬೇಕೋ ಏರಬೇಕೋ ತಿಳಿಯದೆ ಅಲ್ಲೇ ನಿಂತ. ಅವರು ಕೇಳಿದ್ದಕ್ಕೆಲ್ಲ ಹೂಂ, ಇಲ್ರಿ ಎಂದಷ್ಟೇ ಹೇಳಿದ. ಆದರೆ ಇಳಿದು ಬಂದು ಅವರ ಕೈಗೆ ಒಂದು ಕವಳೆ ಎಲೆ ಕೊಟ್ಟ. ಆರಿಸಿ ಆರಿಸಿ ಎಳೆಯ ಎಲೆಯನ್ನೇ ಕೊಟ್ಟಿದ್ದ. ಕರೆವ್ವನವರಿಗೆ ಹಲ್ಲಿಲ್ಲ ಎಂಬುದನ್ನು ಅವನು ಗಮನಿಸಿದ್ದು ನನಗೇ ಆಶ್ಚರ್ಯ.

ಅಲ್ಲಿಂದ ಉಸುಕಿನ ಕಡೆಗೆ. ಸರೋಜಿ ಓಡುತ್ತ ಮುಂದೆ ಹೋದಳು. ನಾನು ಎಷ್ಟು ಜೋರಾಗಿ ಬೈದೆನೆಂದರೆ ಕೈಯಲ್ಲಿದ್ದ ಚಪ್ಪಲಿ ಬಿಟ್ಟಳು. ಆ ಉಸುಕಿನಲ್ಲಿ ಹೊಳೆಯ ಹಕ್ಕಿಗಳು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಏನಿಲ್ಲ, ಬರೀ ಉಸುಕಿನ ಮೇಲೆ. ಬಣ್ಣವೂ ಉಸುಕಿನದೇ, ನೋಡಿ ರೂಢಿ ಇಲ್ಲದವರಿಗೆ ಕಾಣುವುದಿಲ್ಲ. ಒಂದೊಂದನ್ನೇ ತೋರಿಸಿದೆ. ಇಲ್ಲಿ ಮೂರು, ಅಲ್ಲಿ ಎರಡು, ಆ ಕಲ್ಲಿನ ಮಗ್ಗುಲಿಗೆ ಒಂದು. ಮಳೆ ಬರುವುದರೊಳಗೆ ಮರಿಯಾಗಿ ಹಾರಬೇಕು, ಇಲ್ಲದಿದ್ದರೆ ಹೊಳೆ ಒಯ್ಯುತ್ತದೆ ಎಂದು ಹೇಳುವಾಗ ನನಗೆ ಯಾಕೋ ಮಾತು ನಿಲ್ಲಲೇ ಇಲ್ಲ. ನೀರುನಾಯಿಗಳ ಬಿಲ, ಇವರು ಈಜು ಕಲಿತ ಮಡು, ಮಧ್ಯಾಹ್ನ ಗಾಳಿ ಬರುವ ಮೂಲೆ, ಎಲ್ಲ ತೋರಿಸಿದೆ. ಇಷ್ಟೆಲ್ಲ ನಿನಗೆ ಯಾರು ಹೇಳಿದರು ಎಂದು ಹೊನ್ನಿ ಕೇಳಿದಳು. ಯಾರೂ ಹೇಳಿಲ್ಲ. ಇಲ್ಲಿ ಮಾಡುವುದಕ್ಕೆ ಬೇರೆ ಏನಿದೆ, ನೋಡುವುದಷ್ಟೇ ಎಂದೆ.

ದಂಡೆಯ ಮತ್ತಿ ಮರದ ಕೆಳಗೆ ಕರೆವ್ವನವರು ನಿಂತರು. ಮೇಲೆ ನೋಡಿದರು. ಅವರ ತಲೆಗಿಂತ ಎರಡಾಳು ಎತ್ತರದಲ್ಲಿ ಟೊಂಗೆಗಳ ನಡುವೆ ಒಣಗಿದ ಹುಲ್ಲು, ಕಸ, ಒಂದು ಹರಕು ಚಾಪೆ ಸಿಕ್ಕಿಕೊಂಡಿದ್ದವು. ಹೋದ ವರ್ಷದ ಹೊಳೆ ಇಟ್ಟು ಹೋದದ್ದು. ಇದು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ, ಹಿಂದೆಯೇ ಬಂದಿದ್ದ ನಮ್ಮ ಅತ್ತೆ ಅದು ಹಕ್ಕಿಯ ಗೂಡು ಎಂದುಬಿಟ್ಟರು.

“ಚಾಪಿ ಹಾಸ್ಕೊಂಡ ಮಲಗೂ ಹಕ್ಕಿ ನಾ ನೋಡಿದ್ದಿಲ್ಲ ಬಿಡವಾ,” ಎಂದರು ಕರೆವ್ವನವರು. ಸರೋಜಿ ಮಾತ್ರ ಯಾವ ಹಕ್ಕಿ ಎಂದು ನಿಜವಾಗಿಯೇ ಕೇಳಿದಳು.

ಇನ್ನು ಮಿಕ್ಕಿದ್ದನ್ನು ಎತ್ತುಗಳು ಮಾಡಿದವು. ಹೊತ್ತು ಮುಳುಗುವಾಗ ಅಂಗಳದ ಕಟ್ಟೆಯ ಮೇಲೆ ಎಲ್ಲರೂ ಕುಳಿತಿದ್ದೆವು. ಇವರು ದನಗಳಿಗೆಲ್ಲ ಹೊಳೆಯಲ್ಲಿ ನೀರು ಕುಡಿಸಿ ಹೊಡೆದುಕೊಂಡು ಬಂದರು. ನೋಡಲು ಏನು ಚೆಂದ, ಅಂಗಳ ತುಂಬ ದನ. ಅತ್ತೆಯ ಮುಖದಲ್ಲಿ ದೊಡ್ಡ ಮನೆತನದ ಕಳೆ ಬಂದಿತ್ತು. ಅಷ್ಟರಲ್ಲಿ ಹುಚ್ಚಪ್ಪ ಕಾಕಾನ ಎಮ್ಮೆ ನಮ್ಮ ಬಾಗಿಲ ಮುಂದೆ ಒಂದು ಕ್ಷಣವೂ ನಿಲ್ಲದೆ ತನ್ನ ಮನೆಗೆ ಹೊರಟಿತು. ಅಲ್ಲಿ ಒಳಗಿನಿಂದ ಅದರ ಕರು ಕೂಗುತ್ತಿತ್ತು. ಅದರ ಹಿಂದೆ ಅವನ ಎತ್ತುಗಳು. ಆಮೇಲೆ ಒಂದೊಂದೇ, ಯಾರೂ ಹೇಳದೆ, ಎಡಕ್ಕೊಂದು ಬಲಕ್ಕೊಂದು ತಮ್ಮ ತಮ್ಮ ಮನೆ ಹೊಕ್ಕವು. ಇವರು ಅತ್ತ ಇತ್ತ ಓಡಿ ತಿರುಗಿಸಲು ನೋಡಿ ಕೊನೆಗೆ ಕೋಲು ಬಿಟ್ಟು ನಿಂತರು. ಅಂಗಳದಲ್ಲಿ ಉಳಿದದ್ದು ನಮ್ಮ ಎರಡೆತ್ತು, ಒಂದೆಮ್ಮೆ.

ಅಜ್ಜಪ್ಪ ನೆಲ ನೋಡುತ್ತಿದ್ದ. ನನಗೆ ಅಳು ಬರಬೇಕಾದ ಹೊತ್ತಿನಲ್ಲಿ ನಗು ಬಂತು, ತಡೆದಷ್ಟೂ ಬಂತು. ಸೆರಗು ಬಾಯಿಗೆ ಹಿಡಿದೆ. ಕರೆವ್ವನವರು ಎಲೆಗೆ ಸುಣ್ಣ ಹಚ್ಚುತ್ತ ಅತ್ತೆಯ ಕಡೆಗೆ ನೋಡದೆ ಹೇಳಿದರು: “ನಾ ಲಗ್ನಾಗಿ ಹಿರೇಬೆಂಡಿಗೇರಿಗೆ ಬಂದ ಮರುದಿನಾನ ನಮ್ಮತ್ತಿ ಕೊಟ್ಟಿಗಿ ಅರ್ಧ ಖಾಲಿ ಆತು. ಯಾಕಂತ ನಾ ಇವತ್ತಿನ ತನಕ ಕೇಳಿಲ್ಲ ನೋಡ್ರಿ.”

ಅತ್ತೆಯೇ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆದರೂ ಮಾತು ಕೆಟ್ಟಿತೆಂದೇ ನನಗನ್ನಿಸುತ್ತದೆ.

ಮೇ ೨೫, ರವಿವಾರ

ಹೋದರು. ಮಾತು ಪೂರ್ತಿ ಕೆಟ್ಟಿತು. ಕೆಡಿಸಿದವಳು ನಾನೇ.

ಬೆಳಿಗ್ಗೆ ಹೊನ್ನಿ, ಸರೋಜಿ ಮಡುವಿನಲ್ಲಿ ಸ್ನಾನಕ್ಕೆ ಇಳಿದಿದ್ದರು. ಕರೆವ್ವನವರು ನನ್ನನ್ನು ಕರೆದುಕೊಂಡು ಗಡ್ಡೆಯ ತುದಿಗೆ ಬಂದರು. ಹೊಳೆ ಎರಡಾಗಿ ಒಡೆಯುವ ಜಾಗ, ಕರಿಯ ಬಂಡೆಗಳಿವೆ. ಅಲ್ಲಿ ಕುಳಿತು ಕೇಳಿದರು.

“ಎತ್ತು ಎಮ್ಮಿ ಮಾತ ಬಿಡು. ಗಿಡದಾಗಿನ ಕಸಾನೂ ನೋಡೇನಿ. ನಿನ್ನ ಒಂದ ಕೇಳ್ತೇನಿ, ಶಾರವ್ವಾ. ನಿನಗ ಒಡಹುಟ್ಟಿದ ತಂಗಿ ಇದ್ದಿದ್ರ ಈ ಗಡ್ಡಿಗೆ ಕೊಡತಿದ್ದೇನ?”

ಹೂಂ ಎನ್ನಬೇಕಿತ್ತು. ಹೂಂ ಎಂದಿದ್ದರೆ ಮುಗಿದೇಹೋಗಿತ್ತು. ಸವಣೂರಿನ ಮನೆ ಆ ಒಂದು ಹೂಂನ ಆಚೆಗಿತ್ತು. ಉತ್ತರವನ್ನು ನಿನ್ನೆಯಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ ಕೂಡ. ಆದರೆ ನನ್ನ ಬಾಯಿಂದ ಬಂದದ್ದು ಅಪ್ಪ ಸತ್ತ ಮಾತು.

ನಾನು ಬಂದ ಎರಡನೆಯ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಸುದ್ದಿ ಬಂದಾಗ ಹೊಳೆ ದಂಡೆ ಮೀರಿ ಹರಿಯುತ್ತಿತ್ತು. ಇವರೂ ಅಜ್ಜಪ್ಪನೂ ಹರಿಗೋಲು ಹಾಕಿ ನೋಡಿದರು, ಮಗುಚಿ ಬಿದ್ದು ಹೇಗೋ ಈಜಿ ದಂಡೆ ಹಿಡಿದರು. ಅಪ್ಪನ ಮಣ್ಣಿಗೆ ನಾನು ಹೋಗಲಿಲ್ಲ. ಮೋರೆ ನೋಡಲಿಲ್ಲ. ಆ ದಿನ ಅತ್ತೆ ನನ್ನನ್ನು ಇದೇ ಬಂಡೆಗೆ ಕರೆತಂದು, ಕೈಯಲ್ಲಿ ಹಿಡಿ ಮಣ್ಣು ಕೊಟ್ಟು ಹೊಳೆಗೆ ಹಾಕಿಸಿದರು. ಮುಟ್ಟುತ್ತದೆ ಹಾಕು ಎಂದರು. ನಾನು ಏಳುವ ತನಕ ಮಳೆಯಲ್ಲಿ ಪಕ್ಕದಲ್ಲೇ ಕುಳಿತಿದ್ದರು. ಆಮೇಲೆ ಅವರಿಗೇ ಜ್ವರ ಬಂತು.

ಇದನ್ನೆಲ್ಲ ಕರೆವ್ವನವರಿಗೆ ಹೇಳಿದೆ. ಹಾಲವ್ವ ಹುಟ್ಟಿದ್ದೂ ಹೊಳೆ ತುಂಬಿದಾಗಲೇ, ಸೂಲಗಿತ್ತಿ ಬರಲಾಗಲಿಲ್ಲ, ಅತ್ತೆಯೇ ಎತ್ತಿಕೊಂಡರು ಎಂದೂ ಹೇಳಿದೆ. ನೀರು ಅಂಗಳಕ್ಕೆ ಬರುವುದು ಎಲ್ಲೋ ಒಂದು ವರ್ಷ, ಆದರೆ ಬರುತ್ತದೆ ಎಂದೂ ಹೇಳಿದೆ. ಅಷ್ಟೆಲ್ಲ ಹೇಳಿದ ಮೇಲೆ ಅವರು ಮತ್ತೆ ಕೇಳಿದರು, ಹಾಗಾದರೆ ತಂಗಿಯನ್ನು ಕೊಡುತ್ತಿರಲಿಲ್ಲ ಎಂದಾಯಿತಲ್ಲ ಎಂದು.

“ಒಬ್ಬಾಕಿನ್ನ ಅಂದ್ರ ಕೊಡತಿದ್ದಿಲ್ರಿ,” ಎಂದೆ. “ಮಳಿಗಾಲದಾಗ ಇಲ್ಲೆ ಹರೇದಾಕಿ ಒಬ್ಬಾಕಿನ ಇರೂದು ಆಗೂದಿಲ್ಲ. ಅತ್ತಿ ಎಷ್ಟ ಛಲೋ ಇದ್ರೂ ಆಗೂದಿಲ್ಲ. ನಾ ಸಂಗಾಟ ಇದ್ರ ಕೊಡತಿದ್ನಿ.”

ಅವರು ಹೂಂ ಎಂದರು. ನೀರು ನೋಡಿದರು. ಮಧ್ಯಾಹ್ನ ಚಕ್ಕಡಿ ಹತ್ತುವಾಗ ಹೋಗಿ ಬರುತ್ತೇವೆ ಎಂದಷ್ಟೇ ಹೇಳಿದರು. ಸರೋಜಿ ನನ್ನ ಕೈ ಹಿಡಿದು, ನೀನೇ ಪುಣ್ಯವಂತೆ ನೋಡು, ಎಂಥ ಜಾಗದಲ್ಲಿದ್ದೀ ಎಂದಳು. ಎರಡು ದಿನ ನೋಡಿದವರಿಗೆ ಹಾಗೇ ಅನ್ನಿಸುತ್ತದೆ. ಬೈಯಬೇಕೆಂದಿದ್ದೆ, ಬೈಯಲಿಲ್ಲ.

ಮೇ ೨೬, ಸೋಮವಾರ

ಇವರಿಗೆ ಎಲ್ಲ ಹೇಳಿದೆ. ಸಿಟ್ಟಾಗಲಿ ಎಂದೇ ಹೇಳಿದೆ. ಖರೇನೇ ಹೇಳಿದ್ದೀಯಲ್ಲ ಎಂದರು. ಖರೇ ಹೇಳಿ ಕೆಡಿಸಿದೆ ಎಂದೆ. ಕೆಟ್ಟರೆ ಕೆಡಲಿ, ನಿಮ್ಮಪ್ಪನಿಗೆ ಆವತ್ತು ನಾವೂ ಹೇಳಬೇಕಿತ್ತು ಎಂದರು. ಎಂಟು ವರ್ಷದಲ್ಲಿ ಇವರು ಈ ಮಾತು ಆಡಿದ್ದು ಇದೇ ಮೊದಲು. ನಾನು ರೊಟ್ಟಿ ಬಡಿಯಲು ಹೋದೆ. ಮನಸ್ಸು ಹಗುರಾಗಿತ್ತು. ಅಜ್ಜಪ್ಪನ ಮೋರೆ ನೋಡಿದ ಕೂಡಲೆ ಮತ್ತೆ ಭಾರವಾಯಿತು.

ಜೂನ್ ೫, ಗುರುವಾರ

ಹಿರೇಬೆಂಡಿಗೇರಿಯಿಂದ ಸುದ್ದಿ ಇಲ್ಲ. ಒಲ್ಲೆ ಎಂದಾದರೂ ಹೇಳಿ ಕಳಿಸಬಾರದೇ.

ಉಸುಕಿನಲ್ಲಿ ಮರಿಗಳು ಎದ್ದಿವೆ. ಕಲ್ಲಿನ ಮಗ್ಗುಲಿನದು ಒಂದೇ ಇನ್ನೂ ಒಡೆದಿಲ್ಲ. ಹಾಲವ್ವನನ್ನು ಕರೆದುಕೊಂಡು ಹೋಗಿ ತೋರಿಸಿದೆ.

ಜೂನ್ ೭, ಶನಿವಾರ

ಅದೂ ಒಡೆಯಿತು.

ಜೂನ್ ೧೪, ಶನಿವಾರ

ಮಿರಗದ ಮಳೆ ಹಿಡಿದಿದೆ. ಹೊಳೆ ಕೆಂಪಾಗಿದೆ. ಮರಿಗಳು ಹಾರಿದವು, ದೇವರು ದೊಡ್ಡವನು.

ಇವರು ಎಲೆ ಕೊಟ್ಟು ಸವಣೂರಿನಿಂದ ಬಂದರು. ಒಂದು ಪೊಟ್ಟಣ ಕುರುಕಲು ಖಾರ ತಂದಿದ್ದರು, ಮಳೆಗೆ ಮೆತ್ತಗಾಗಿತ್ತು. ನಿಯಾಜ ಸಾಹೇಬರು ಮನೆಗೆ ಸುಣ್ಣ ಹೊಡೆಸಿದ್ದಾರಂತೆ. ಮದುವೆ ಆಗಲಿ ಬಿಡಲಿ, ಬೇಕಾದರೆ ಈಗಲೇ ಬಂದು ಇರಿ ಎಂದರಂತೆ. ಏನು ಹೇಳಲಿ ಎಂದು ಇವರು ಕೇಳಿದರು. ಮಳೆಯಲ್ಲಿ ಸಾಮಾನು ಸಾಗಿಸುವುದು ಹೇಗೆ, ಮೆಣಸಿನಕಾಯಿ ಬೇರೆ ಒಣಗಿಲ್ಲ, ನೋಡೋಣ ಎಂದೆ. ಹೌದಲ್ಲ, ಮೆಣಸಿನಕಾಯಿ ನಿಜವಾಗಿಯೂ ಒಣಗಿಲ್ಲ.

ನಿಯಾಜ ಸಾಹೇಬರು ಈ ಮಾತು ಆಡುವಾಗ ಹೊನ್ನಿಯ ಗಂಡ ಉಳಿವೆಪ್ಪನೂ ಎಲೆ ಕೊಳ್ಳಲು ಬಂದು ಅಲ್ಲೇ ನಿಂತಿದ್ದನಂತೆ. ಕರೆವ್ವನವರ ಮಗ! ನಾನು ಸಂಗಡ ಇದ್ದರೆ ಕೊಡುತ್ತಿದ್ದೆ ಎಂದವಳೇ ಸವಣೂರಿನಲ್ಲಿ ಮನೆ ಹಿಡಿದಿದ್ದಾಳೆ ಎಂದು ತಿಳಿದರೆ ಅವರು ನನ್ನ ಬಗ್ಗೆ ಏನು ತಿಳಿದಾರು. ಇನ್ನು ಆ ಮಾತಿನ ಆಸೆ ಬಿಡಬೇಕು. ಅಜ್ಜಪ್ಪನಿಗೆ ಯಾರು ಹೇಳುವುದು?

ಜೂನ್ ೨೩, ಸೋಮವಾರ

ಮಳೆ. ಹರಿಗೋಲು ಮೇಲೆ ಎಳೆದು ಬೋರಲು ಹಾಕಿದರು. ಇನ್ನು ನಾವು ನಾವೇ.

ಜೂನ್ ೨೮, ಶನಿವಾರ

ಗಂಟಲು ಕಟ್ಟಿದೆ, ಮಾತಾಡಲು ಆಗುತ್ತಿಲ್ಲ. ಬರೆಯಲು ಗಂಟಲು ಬೇಕಿಲ್ಲ.

ಮಧ್ಯಾಹ್ನ ಹುಚ್ಚಪ್ಪ ಕಾಕಾ ಓಡುತ್ತ ಬಂದ. ಆಚೆ ದಂಡೆಗೆ ಚಕ್ಕಡಿ ಬಂದು ನಿಂತಿದೆ, ಯಾರೋ ಕೂಗುತ್ತಿದ್ದಾರೆ ಎಂದ. ಎಲ್ಲರೂ ಹೋದೆವು. ಏಳೂ ಮನೆಯ ಮಂದಿ ಬಂದು ಕೂಡಿದರು. ಹೊಳೆ ದಂಡೆ ಮುಟ್ಟಿ ಹರಿಯುತ್ತಿತ್ತು, ಹೋದ ತಿಂಗಳು ಸರೋಜಿ ಚಪ್ಪಲಿ ಹಿಡಿದು ನಡೆದ ಜಾಗದಲ್ಲಿ ಇಡೀ ಮರಗಳು ತೇಲಿ ಹೋಗುತ್ತಿದ್ದವು. ಆಚೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಉಳಿವೆಪ್ಪ. ಚಕ್ಕಡಿಯಲ್ಲಿ ಕೊಲ್ಲಾರಿಯ ಬಾಗು ಮಾಡಿನ ಕೆಳಗೆ ಕುಳಿತವರು ಕರೆವ್ವನವರು.

ಹೊಳೆ ತುಂಬಿದಾಗ ಇಲ್ಲಿಯ ಮಾತುಕತೆಯೆಲ್ಲ ಹೀಗೇ, ದಂಡೆಯಿಂದ ದಂಡೆಗೆ. ಕೂಗುವವರು ಗಂಡಸರು. ಹುಚ್ಚಪ್ಪ ಕಾಕಾನ ದನಿ ಎಲ್ಲರಿಗಿಂತ ದೊಡ್ಡದು, ಅವನೇ ಮುಂದೆ ನಿಂತ. ಇಂಥ ಮಳೆಯಲ್ಲಿ ಯಾಕೆ ಬಂದಿರಿ ಎಂದು ಕೇಳಿದ. ನೀರು ನೋಡಲು ನಮ್ಮವ್ವ ಬಂದಿದ್ದಾಳೆ ಎಂದು ಉಳಿವೆಪ್ಪ ಕೂಗಿದ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದಳಂತೆ, ಹೊಳೆ ತುಂಬಲಿ ಎಂದು. ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡರು.

ಕರೆವ್ವನವರು ಕೊಪ್ಪೆ ಹಾಕಿಕೊಂಡು ಕೆಳಗಿಳಿದು ನೀರಿನ ಅಂಚಿಗೆ ಬಂದರು. ನೋಡಿದರು. ಮಗನಿಗೆ ಏನೋ ಹೇಳಿದರು. ಅವನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: “ಹೆಣ್ಣ ಕೊಡ್ತೇವಿ ಅಂತಾಳ ನಮ್ಮವ್ವ. ಹುಡುಗ ಪಸಂದ ಅದಾನ.”

ಏಳು ಮನೆಯ ಮಂದಿ ಹೋ ಎಂದರು. ಅಜ್ಜಪ್ಪ ಎಲ್ಲಿದ್ದಾನೆಂದು ನೋಡಿದೆ, ಮತ್ತಿ ಮರವನ್ನು ಹಿಡಿದುಕೊಂಡು ನಿಂತಿದ್ದ. ಆದರೆ 'ಖರೇ, ಒಂದ ಮಾತ' ಎಂದು ಆಚೆಯಿಂದ ಮತ್ತೆ ದನಿ ಬಂತು, ಎಲ್ಲರೂ ಸುಮ್ಮನಾದರು.

“ಶಾರವ್ವಕ್ಕ ಸವಣೂರಾಗ ಮನಿ ಹಿಡದಾಳಂತ ಕೇಳೇವಿ. ಆಕಿ ಗಡ್ಡ್ಯಾಗ ಇರ್ತಾಳೋ, ಹೋಗ್ತಾಳೋ? ಆಕಿ ಇದ್ರಷ್ಟ ನಮ್ಮ ಹುಡುಗಿ ಬರ್ತಾಳ.”

ನಾನು ಅಲ್ಲೇ ನೆಲಕ್ಕಿಳಿದು ಹೋಗಬಾರದೇ ಅನ್ನಿಸಿತು. ಏಳು ಮನೆಯ ಮಂದಿ ಕೇಳಿಸಿಕೊಂಡರು. ಅತ್ತೆಯೂ ಕೇಳಿಸಿಕೊಂಡರು. ಇವರ ಕಡೆಗೆ ತಿರುಗಲಿಲ್ಲ, ನನ್ನ ಕಡೆಗೂ ತಿರುಗಲಿಲ್ಲ, ಹೊಳೆಯನ್ನೇ ನೋಡುತ್ತ ನಿಂತರು. ಮಳೆಯಲ್ಲಿ ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದರು. ಇರು ಎಂದಾಗಲಿ ಹೋಗೋಣ ಎಂದಾಗಲಿ ಆ ಮೋರೆಯಲ್ಲಿ ಏನೂ ಇರಲಿಲ್ಲ.

ಏನು ಕೂಗಲವ್ವಾ ಎಂದು ಹುಚ್ಚಪ್ಪ ಕಾಕಾ ನನ್ನನ್ನು ಮೆಲ್ಲಗೆ ಕೇಳಿದ. ಆಚೆಯಿಂದ ಉಳಿವೆಪ್ಪ ಮತ್ತೆ ಕೂಗಿದ, ಬೇರೆಯವರ ಮಾತು ಬೇಡ, ಆಕೆಯ ಬಾಯಿಂದಲೇ ಕೇಳಬೇಕಂತೆ.

ಎಂಟು ವರ್ಷದಲ್ಲಿ ಅತ್ತೆಯ ಮುಂದೆ ನಾನು ದನಿ ಎತ್ತಿದವಳಲ್ಲ. ನೀರಿನ ಅಂಚಿಗೆ ಹೋದೆ. ಮೊದಲ ಸಲ ಕೂಗಿದ್ದು ನನಗೇ ಕೇಳಿಸಲಿಲ್ಲ, ಹೊಳೆ ನುಂಗಿತು. ಎರಡನೆಯ ಸಲ ಸೆರಗು ಬಿಗಿದು, ಇದ್ದ ಬಿದ್ದ ಉಸಿರೆಲ್ಲ ಹಾಕಿ ಕೂಗಿದೆ.

“ಇರ್ತೇನ್ರೀ. ಕಳಸ್ರಿ ಆಕೀನ. ನಾ ಇಲ್ಲೆ ಇರ್ತೇನಿ.”

ಕರೆವ್ವನವರು ಕೈ ಎತ್ತಿದರು. ಹಾಗೇ ಸ್ವಲ್ಪ ಹೊತ್ತು ಎತ್ತಿ ಹಿಡಿದಿದ್ದು, ಚಕ್ಕಡಿ ಹತ್ತಿದರು. ದೀಪಾವಳಿ ಮುಗಿದ ಮೇಲೆ ಲಗ್ನ ಎಂದು ಉಳಿವೆಪ್ಪ ಕೂಗಿದ್ದು ಅರ್ಧ ಕೇಳಿಸಿತು, ಅರ್ಧ ಮಂದಿಯ ಗದ್ದಲದಲ್ಲಿ ಹೋಯಿತು. ಹುಚ್ಚಪ್ಪ ಕಾಕಾ ಕುಣಿದ. ಅಜ್ಜಪ್ಪ ನನ್ನ ಹತ್ತಿರ ಬಂದು ಯಕ್ಕಾ ಎಂದವನೇ ಹರಿಗೋಲಿನ ಕಡೆಗೆ ಹೋದ. ಬೋರಲು ಹಾಕಿದ ಹರಿಗೋಲಿನ ಹತ್ತಿರ ಅವನಿಗೇನು ಕೆಲಸವೋ.

ಮನೆಗೆ ಬಂದು ಸೀರೆ ಬದಲಿಸಿ ಒಲೆ ಹಚ್ಚಿದೆ. ಇವರು ಬಾಗಿಲಲ್ಲಿ ನಿಂತು, ನಿಯಾಜನಿಗೆ ಏನು ಹೇಳಲಿ ಎಂದರು. ಬೇರೆ ಯಾರಿಗಾದರೂ ಕೊಡು ಎನ್ನಿ ಎಂದೆ. ಹಾಲವ್ವನ ಸಾಲೆ ಎಂದರು. ಮುಲ್ಕಿ ಪಾಸಾದವಳು ಮನೆಯಲ್ಲೇ ಕುಳಿತಿದ್ದಾಳೆ, ನಾಲ್ಕು ಇಯತ್ತೆಯ ತನಕ ಆಕೆಯೇ ಕಲಿಸಲಿ, ಮುಂದಿನದು ಮುಂದೆ ಎಂದು ಒಳಗಿನಿಂದ ಅತ್ತೆಯ ದನಿ ಬಂತು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಗು ಬಂತು. ಏನೋ ಒಂದು ನೆಮ್ಮದಿ. ಬಹಳ ದಿನಕ್ಕೆ ಅಜ್ಜಪ್ಪನಿಗೆ ಹೆಣ್ಣು ಸಿಕ್ಕಿತಲ್ಲ, ಅದಕ್ಕೇ ಇರಬೇಕು.

ಆಮೇಲೆ ಅತ್ತೆ ಒಲೆಯ ಹತ್ತಿರ ಬಂದು ಕುಳಿತರು. ನನಗೆ ಬಿಸಿನೀರಿಗೆ ಬೆಲ್ಲ ಹಾಕಿ ಕೊಟ್ಟರು, ಗಂಟಲಿಗೆ. ಸುಮ್ಮನೆ ಒಂದೆರಡು ಕಟ್ಟಿಗೆ ಸರಿಸಿದರು. ಕಡೆಗೆ ಕೇಳಿದರು:

“ಸವಣೂರಾಗಿನ ಮನಿ ಭಾಳ ಛಲೋ ಐತೇನ?”

“ಹಂಗೇನಿಲ್ರಿ ಅತ್ತಿ,” ಎಂದೆ. “ಹಿಂದ ಗಟಾರ ಹರೀತೈತಿ. ವಾಸನಿ.”

ಅವರು ಹೌದೇನು ಎಂದು ಗೋಣು ಹಾಕಿ ಎದ್ದು ಮಲಗಲು ಹೋದರು. ಆ ಮನೆಯ ಹಿಂದೆ ಇರುವುದು ಮಲ್ಲಿಗೆ ಬಳ್ಳಿ, ಸುತ್ತಮುತ್ತ ಎಲ್ಲೂ ಗಟಾರವಿಲ್ಲ.